ಮೊದ್ಲು ಒಂದು ನೋಟ್‌ಬುಕ್, ಡಬ್ಬಿ ಆಮೇಲೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಮೆದುಳು ಚುರುಕು ಮಾಡೋ ಸಪ್ಲಿಮೆಂಟ್‌ಗಳ ಬಗ್ಗೆ ಪೂರ್ತಿ ಒಂದು ಪುಟ ಹಾಕಿದ್ರಲ್ಲ, ಅದನ್ನ ಎರಡು ಸಲ ಓದ್ದೆ. ನೂಟ್ರಾಪಿಕ್ ಅಂದ್ರೇನು, ಯಾವ್ದು ನೆನಪಿಗೆ, ಯಾವ್ದು ಏಕಾಗ್ರತೆಗೆ, ಹತ್ತು ಹೆಸರು ಹತ್ತು ಫೋಟೋ. ಬರೆದಿದ್ದು ತಪ್ಪು ಅಂತ ಹೇಳ್ತಿಲ್ಲ, ಆದ್ರೆ ಅದನ್ನ ಓದಿ ಹೊಸದಾಗಿ ಶುರು ಮಾಡೋನು ಮೊದಲು ಏನ್ ಮಾಡ್ತಾನೆ ಅಂತ ನಂಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಪಟ್ಟಿ ಓದಿ ನಾನೂ ಅದನ್ನೇ ಮಾಡಿದ್ದೆ. ಹತ್ತರಲ್ಲಿ ಆರು ಆರಿಸ್ಕೊಂಡೆ, ಒಟ್ಟಿಗೆ ತರಿಸ್ದೆ, ಸೋಮವಾರ ಬೆಳಗ್ಗೆ ಆರನ್ನೂ ಒಂದೇ ಗುಕ್ಕಿಗೆ ನುಂಗಿದೆ.

ನನ್ನ ಕೆಲಸ ಕರಡು ತಿದ್ದೋದು. ದಿನಕ್ಕೆ ಮೂವತ್ತು ನಲವತ್ತು ಪುಟ, ಎಲ್ಲಿ ಒತ್ತು ಬಿಟ್ಟಿದೆ, ಎಲ್ಲಿ ಮಹಾಪ್ರಾಣಕ್ಕೆ ಹೊಟ್ಟೆ ಸೀಳಿಲ್ಲ, ಎಲ್ಲಿ ದೀರ್ಘ ತಪ್ಪಿದೆ ಅಂತ ಹಿಡಿಯೋದು, ಈ ಕೆಲಸದಲ್ಲಿ ತಲೆ ಮಂಕಾದ್ರೆ ಮುಚ್ಚಿಡೋಕಾಗಲ್ಲ, ಅಚ್ಚಾದ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತೆ. ನಲವತ್ತು ದಾಟಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಸಾಲುಗಳು ಕಣ್ಣ ಮುಂದೆ ಹಾಗೇ ಹರಿದುಹೋಗೋಕೆ ಶುರುವಾಯ್ತು, ಓದಿದೀನಿ ಅನ್ಸುತ್ತೆ, ಆದ್ರೆ ಓದಿರಲ್ಲ. ಒಂದ್ಸಲ ‘ಬೋಧನಾ ವಿಧಾನ’ ಅಂತ ಇರ್ಬೇಕಾದ್ದು ‘ಬೋಧನಾ ನಿಧಾನ’ ಅಂತ ಶೀರ್ಷಿಕೆಲೇ ಅಚ್ಚಾಗಿ ಹೋಯ್ತು. ಲೇಖಕರು ನಕ್ಕು ಸುಮ್ಮನಾದ್ರು, ನಂಗೆ ಮಾತ್ರ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಆ ಆರರಲ್ಲಿ ಏನೇನಿತ್ತು ಅಂದ್ರೆ ಗಿಂಕೋ ಅನ್ನೋ ಮರದ ಎಲೆ ಸಾರ, ಬ್ರಾಹ್ಮಿ, ಅಶ್ವಗಂಧ, ಟೈರೋಸಿನ್ ಅನ್ನೋ ಅಮೈನೋ ಆಮ್ಲ, ಲಯನ್ಸ್ ಮೇನ್ ಅನ್ನೋ ಅಣಬೆ ಪುಡಿ, ಜೊತೆಗೆ 200 ಮಿಲಿಗ್ರಾಂ ಕೆಫೀನ್ ಮಾತ್ರೆ. ಮೊದಲ ದಿನ ಸ್ವರ್ಗ. ತಲೆ ಒಳಗೆ ಯಾರೋ ಕಿಟಕಿ ತೆಗೆದಂಗೆ, ಮಧ್ಯಾಹ್ನದೊಳಗೆ ನಲವತ್ತು ಪುಟ ಮುಗೀತು. ನಾಲ್ಕನೇ ದಿನಕ್ಕೆ ಎದೆ ಡವಡವ, ಹೊಟ್ಟೆ ನುಲಿತ, ರಾತ್ರಿ ಎರಡು ಗಂಟೆಗೂ ಕಣ್ಣು ಪಿಳಿಪಿಳಿ, ಮಾರನೇ ದಿನ ಮೊದಲಿಗಿಂತ ಜಾಸ್ತಿ ತಪ್ಪು ಬಿಟ್ಟೆ. ಯಾವುದ್ರಿಂದ ಆಯ್ತು? ಆರು ಜನರ ಮೇಲೂ ಅನುಮಾನ, ಒಬ್ಬನ ಮೇಲೂ ಸಾಕ್ಷಿ ಇಲ್ಲ. ಎಲ್ಲಾನೂ ಎತ್ತಿ ಕಪಾಟಿಗೆ ತುರುಕಿದೆ. ಬೇಜಾರಾಗಿದ್ದು ಹೊಟ್ಟೆ ನುಲಿದಿದ್ದಕ್ಕಲ್ಲ, ಅಷ್ಟೆಲ್ಲ ಆಗಿಯೂ ನಾನು ಒಂದು ವಿಷಯಾನೂ ಕಲೀಲಿಲ್ವಲ್ಲ ಅಂತ, ಆ ಮೊದಲ ದಿನದ ಕಿಟಕಿ ತೆಗೆದಿದ್ದು ಯಾರು ಅನ್ನೋದು ಸಹ ಗೊತ್ತಾಗ್ಲಿಲ್ಲ.

ಎದೆ ಡವಡವ ಅಂತ ಡಾಕ್ಟರ್ ಹತ್ರ ಹೋದೆ. ಅವರು ಡಬ್ಬಿಗಳ ಕಡೆ ಕಣ್ಣೂ ಹಾಕ್ಲಿಲ್ಲ, ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ಹೊತ್ತು ಮಲಗ್ತೀರಿ, ಬೇರೆ ಯಾವ ಮಾತ್ರೆ ತಗೋತೀರಿ, ಕೊನೇ ಸಲ ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು. ಮಾಡಿಸಿದ್ರೆ ಬಿ12 ತಳ ಹಿಡಿದಿತ್ತು. ಬಿ12 ಕಮ್ಮಿ ಆದ್ರೆ ಮರೆವು, ಸುಸ್ತು, ಕೈಕಾಲು ಜೋಮು ಹಿಡಿಯೋದು ಎಲ್ಲಾ ಬರುತ್ತೆ, ಪ್ರಾಣಿಮೂಲದ ಆಹಾರ ತಿನ್ನದೇ ಇರೋರು, ಡಯಾಬಿಟಿಸ್‌ಗೆ ಮೆಟ್‌ಫಾರ್ಮಿನ್ ನುಂಗೋರು, ವರ್ಷಗಟ್ಟಲೆ ಆ್ಯಸಿಡಿಟಿ ಮಾತ್ರೆ ತಗೊಳ್ಳೋರು, ವಯಸ್ಸಾದೋರು ಇದನ್ನ ನೋಡಿಸ್ಕೊಳ್ಳೇಬೇಕು. ಥೈರಾಯ್ಡ್, ಕಬ್ಬಿಣದ ಅಂಶ ಇವೂ ಹಾಗೇ, ತಲೆ ಮಂಕು ಅಂತ ನಾವು ಅಂದ್ಕೊಳ್ಳೋದರ ಹಿಂದೆ ಕೂತಿರ್ತಾವೆ. ಇಂಥ ಕೊರತೆ ಇರೋನು ಗಿಂಕೋ ನುಂಗೋದು ಟ್ಯಾಂಕ್ ಖಾಲಿ ಇರೋ ಗಾಡಿಗೆ ಪಾಲಿಶ್ ಹಾಕಿದಂಗೆ. ಇನ್ನೊಂದು, ಮಲ್ಟಿ ವಿಟಮಿನ್‌ಗಳಲ್ಲಿ ಇರೋ ಬಯೋಟಿನ್ ಡೋಸ್ ಜಾಸ್ತಿ ಇದ್ರೆ ಥೈರಾಯ್ಡ್ ಪರೀಕ್ಷೆಯ ರಿಪೋರ್ಟೇ ತಪ್ಪು ಬರಬಹುದು, ಹಾಗಾಗಿ ಪರೀಕ್ಷೆಗೆ ಮುಂಚೆ ಏನೇನು ತಗೋತಿದೀವಿ ಅಂತ ಹೇಳ್ಬೇಕು, ನಿಮ್ಮ ಪುಟದಲ್ಲಿ ಈ ಮಾತು ಒಂದು ಸಾಲಾದ್ರೂ ಇರ್ಬೇಕಿತ್ತು.

ನಿದ್ದೆ ವಿಷಯಕ್ಕೆ ಬಂದ್ರೆ, ಆರು ಗಂಟೆ ಸಾಕಾಗುತ್ತೆ ಡಾಕ್ಟ್ರೇ ಅಂತ ನಾನು ಧೈರ್ಯವಾಗೇ ಹೇಳಿದ್ದೆ. ಅವರು 2003ರಲ್ಲಿ ಬಂದ ಒಂದು ಅಧ್ಯಯನದ ಬಗ್ಗೆ ಹೇಳಿದ್ರು, ಹದಿನಾಲ್ಕು ದಿನ ರಾತ್ರಿ ಆರೇ ಗಂಟೆ ಮಲಗಿದೋರ ಗಮನ ಮತ್ತೆ ತಕ್ಷಣದ ನೆನಪು ಎಷ್ಟು ಕುಸಿದಿತ್ತು ಅಂದ್ರೆ ಎರಡು ರಾತ್ರಿವರೆಗೆ ಪೂರ್ತಿ ನಿದ್ದೆಗೆಟ್ಟೋರ ಮಟ್ಟಕ್ಕೆ ಬಂದಿತ್ತಂತೆ, ಆದ್ರೆ ಅವರನ್ನ ಕೇಳಿದ್ರೆ ಅಷ್ಟೇನೂ ನಿದ್ದೆಗಣ್ಣಲ್ಲಿ ಇಲ್ಲ ಅಂತಾನೇ ಹೇಳ್ತಿದ್ರಂತೆ. ಆ ಕೊನೇ ಮಾತು ನಂಗೆ ಚುಚ್ಚಿತು. ನಾನು ಚುರುಕಾಗಿದೀನಾ ಮಂಕಾಗಿದೀನಾ ಅನ್ನೋದನ್ನ ಅದೇ ಮಂಕು ತಲೆ ಹತ್ರ ಕೇಳಿದ್ರೆ ಅದು ಏನು ಹೇಳೀತು.

ಅಲ್ಲಿಂದ ಶುರುವಾಗಿದ್ದು ನೋಟ್‌ಬುಕ್. ಈ ಪತ್ರ ಬರೀತಿರೋದೂ ಅದಕ್ಕೇ. ಯಾವ ಸಪ್ಲಿಮೆಂಟ್ ಒಳ್ಳೇದು ಅನ್ನೋದು ಎರಡನೇ ಪ್ರಶ್ನೆ, ಕೆಲಸ ಮಾಡ್ತಿದ್ಯಾ ಇಲ್ವಾ ಅಂತ ನಂಗೆ ಹೆಂಗೆ ಗೊತ್ತಾಗುತ್ತೆ ಅನ್ನೋದು ಮೊದಲನೇದು, ಆ ಮೊದಲನೇದನ್ನ ಯಾರೂ ಬರೆಯಲ್ಲ.

ಎರಡು ವಾರ ಏನೂ ತಗೊಳ್ಳದೆ ಬರೀ ಬರ್ಕೊಂಡೆ. ಎಷ್ಟಕ್ಕೆ ಮಲಗ್ದೆ, ಎಷ್ಟಕ್ಕೆ ಎದ್ದೆ, ಕಾಫಿ ಎಷ್ಟು ಲೋಟ ಎಷ್ಟು ಹೊತ್ತಿಗೆ, ಬಿಟ್ಟ ತಪ್ಪು ಎಷ್ಟು. ತಪ್ಪು ಎಣಿಸೋಕೆ ತಂಗಿ ಸಹಾಯ ಮಾಡಿದ್ಲು, ಹಳೇ ಕರಡುಗಳಲ್ಲಿ ಪುಟಕ್ಕೆ ಹದಿನೈದು ತಪ್ಪು ತಾನೇ ತುರುಕಿ ಕೊಡೋಳು, ನಾನು ಮೂರು ಗಂಟೆ ಹೊತ್ತಿಗೆ ಒಂದು ಪುಟ ತಿದ್ದೋದು, ಆಮೇಲೆ ಅವಳು ಲೆಕ್ಕ ಹಾಕೋದು. ದುಷ್ಟೆ, ‘ಶ’ ‘ಷ’ ಅದಲು ಬದಲು ಮಾಡೋದ್ರಲ್ಲಿ ಎತ್ತಿದ ಕೈ. ಲೆಕ್ಕ ನೋಡೋಕೆ ಮುಂಚೇನೇ ‘ಇವತ್ತು ಹೆಂಗನ್ನಿಸ್ತು’ ಅಂತ ಹತ್ತಕ್ಕೆ ಮಾರ್ಕ್ಸ್ ಬರೆದಿಡ್ತಿದ್ದೆ, ಆಮೇಲೆ ಬರೆದ್ರೆ ಲೆಕ್ಕಕ್ಕೆ ತಕ್ಕಂಗೆ ಮನಸ್ಸು ಬಗ್ಗಿಬಿಡುತ್ತೆ. ಮೊದಲ ಹತ್ತು ದಿನದಲ್ಲೇ ಗೊತ್ತಾಗಿದ್ದು, ಈ ಎರಡು ಕಾಲಮ್ಮಿಗೂ ಸಂಬಂಧಾನೇ ಇಲ್ಲ! ‘ಇವತ್ತು 9’ ಅಂತ ಬರ್ಕೊಂಡ ದಿನ ಆರು ತಪ್ಪು ಬಿಟ್ಟಿದೀನಿ, ‘4’ ಅಂತ ಗೊಣಗಿದ ದಿನ ಎರಡೇ. ಫೋನಿನಲ್ಲಿ ಬರೋ ಮೆಮೊರಿ ಗೇಮ್ ಸ್ಕೋರ್ ನೋಡ್ಕೊಂಡು ‘ನಂಗೆ ಮಾತ್ರೆ ಕೆಲಸ ಮಾಡ್ತು’ ಅನ್ನೋರಿಗೂ ಒಂದು ಮಾತು, ಆ ಗೇಮ್ ದಿನಾ ಆಡಿದ್ರೆ ಮಾತ್ರೆ ಇಲ್ದೇನೂ ಸ್ಕೋರ್ ಏರುತ್ತೆ, ಅಭ್ಯಾಸ ಅಂದ್ರೆ ಅದೇ ತಾನೆ.

ಆಮೇಲೆ ಒಂದೊಂದಾಗಿ. ಮೊದಲು ಕೆಫೀನ್, ಯಾಕಂದ್ರೆ ಈ ಇಡೀ ಗುಂಪಲ್ಲಿ ಅದಕ್ಕಿರೋಷ್ಟು ಪುರಾವೆ ಬೇರೆ ಯಾವುದಕ್ಕೂ ಇಲ್ಲ. ನಾವು ಎಚ್ಚರ ಇದ್ದಷ್ಟು ಹೊತ್ತು ಮೆದುಳಲ್ಲಿ ಅಡೆನೋಸಿನ್ ಅನ್ನೋದು ಸೇರ್ತಾ ಹೋಗುತ್ತೆ, ಅದೇ ನಮಗೆ ತೂಕಡಿಕೆ ತರೋದು, ಕೆಫೀನ್ ಹೋಗಿ ಅದು ಕೂರೋ ಜಾಗದಲ್ಲಿ ತಾನು ಕೂತ್ಕೊಳ್ಳುತ್ತೆ. ಸುಸ್ತು ಹೋಗಲ್ಲ, ಸುಸ್ತಿನ ಸುದ್ದಿ ತಲುಪಲ್ಲ ಅಷ್ಟೇ. ರಕ್ತದಲ್ಲಿ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು, ಕೆಲವ್ರಿಗೆ ಇನ್ನೂ ಜಾಸ್ತಿ, ಹಾಗಾಗಿ ಸಂಜೆ ನಾಲ್ಕಕ್ಕೆ ನುಂಗಿದ 200 ಮಿಲಿಗ್ರಾಂ ರಾತ್ರಿ ಒಂಬತ್ತಕ್ಕೆ 100 ಮಿಲಿಗ್ರಾಂ ಆಗಿ ಒಳಗೇ ಕೂತಿರುತ್ತೆ. ಮಲಗೋ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡ್ರೂ ನಿದ್ದೇಲಿ ಒಂದು ಗಂಟೆಗಿಂತ ಜಾಸ್ತಿ ಕಡಿತ ಆಗುತ್ತೆ ಅಂತ 2013ರ ಅಧ್ಯಯನದಲ್ಲಿ ಬಂದಿತ್ತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ದೊಡ್ಡೋರಿಗೆ ಹಾಕಿದ ಗೆರೆ ದಿನಕ್ಕೆ 400, ಒಂದು ಸಲಕ್ಕೆ 200, ಗರ್ಭಿಣಿಯರಿಗೆ ಇಡೀ ದಿನಕ್ಕೇ 200. ಕಾಫಿ ಟೀಲಿ ಬರೋದೂ ಈ ಲೆಕ್ಕದೊಳಗೇ. ಪುಡಿ ರೂಪದ ಶುದ್ಧ ಕೆಫೀನ್ ಮಾತ್ರ ಮನೆಯೊಳಗೆ ತರ್ಲೇಬೇಡಿ, ಒಂದು ಟೀ ಚಮಚ ಅಂದ್ರೆ ಸುಮಾರು 28 ಕಪ್ ಕಾಫಿಗೆ ಸಮ ಅಂತ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎನೇ ಎಚ್ಚರಿಸಿದೆ, ಇದ್ರಿಂದ ಜನ ಸತ್ತಿದಾರೆ.

ಥಿಯಾನಿನ್ ಅಂತ ಇನ್ನೊಂದು, ಟೀ ಎಲೆಲೇ ಇರೋದು, 1949ರಲ್ಲಿ ಜಪಾನಿನಲ್ಲಿ ಗ್ರೀನ್ ಟೀಯಿಂದ ಬೇರ್ಪಡಿಸಿದ್ರು. ಕೆಫೀನ್ ಜೊತೆ ತಗೊಂಡ್ರೆ ನಡುಕ ಕಮ್ಮಿ, ಗಮನ ಜಾಸ್ತಿ ಅಂತಾರೆ, 2008ರ ಒಂದು ಪ್ರಯೋಗದಲ್ಲಿ ಕೆಫೀನ್ 50, ಥಿಯಾನಿನ್ 100 ಮಿಲಿಗ್ರಾಂ ಜೋಡಿ ಕೊಟ್ಟು ಸಣ್ಣ ಲಾಭ ಕಂಡಿದ್ರು. ಹೊಸಬ್ರಿಗೆ ಎಲ್ರೂ ಹೇಳೋದು ಇದೇ ಜೋಡಿ, ನನ್ನ ಪ್ರಕಾರನೂ ಅಷ್ಟೇನು ಕೆಟ್ಟ ಸಲಹೆ ಅಲ್ಲ.

ಇಲ್ಲಿ ನಾನು ಮಾಡಿದ ಒಂದು ಆಟ ಹೇಳ್ತೀನಿ. ಖಾಲಿ ಕ್ಯಾಪ್ಸೂಲ್ ತರಿಸಿ, ಹತ್ತರಲ್ಲಿ 200 ಮಿಲಿಗ್ರಾಂ ಥಿಯಾನಿನ್, ಹತ್ತರಲ್ಲಿ ಏನೂ ಮಾಡದ ಸೆಲ್ಯುಲೋಸ್ ಪುಡಿ ತುಂಬೋಕೆ ತಂಗಿಗೆ ಹೇಳ್ದೆ, ಎಲ್ಲಾ ಒಂದೇ ಬಣ್ಣ ಒಂದೇ ಸೈಜು. ಅವಳು ಕಣ್ಮುಚ್ಚಿ ಚೀಟಿ ಎತ್ತಿ ಇಪ್ಪತ್ತು ದಿನದ ಪಟ್ಟಿ ಮಾಡಿ, ಮಾತ್ರೆ ಪೆಟ್ಟಿಗೆಯ ಖಾನೆಗಳಿಗೆ ಹಾಕಿ, ಪಟ್ಟಿಯನ್ನ ಲಕೋಟೆಲಿಟ್ಟು ಅಂಟಿಸಿ ತಾನೇ ಇಟ್ಕೊಂಡ್ಲು. ದಿನಾ ಒಂದು ನುಂಗೋದು, ಸಂಜೆ ‘ಇವತ್ತು ಅಸಲಿ’ ಅಥವಾ ‘ಇವತ್ತು ನಕಲಿ’ ಅಂತ ಬರೆಯೋದು. ಒಂದಿನ ನಂಗೆ ಎಷ್ಟು ಖಾತ್ರಿ ಇತ್ತು ಅಂದ್ರೆ ‘ಅಸಲಿ, ಅನುಮಾನಾನೇ ಇಲ್ಲ, ಒಳ್ಳೇ ಪ್ರಶಾಂತ’ ಅಂತ ಎರಡು ಗೆರೆ ಎಳೆದು ಬರ್ದಿದ್ದೆ. ಲಕೋಟೆ ಒಡೆದ್ರೆ ಅವತ್ತು ನಕಲಿ. ಇಪ್ಪತ್ತರಲ್ಲಿ ಹನ್ನೊಂದು ಸರಿ, ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. ಕೆಫೀನ್ 100 ಮಿಲಿಗ್ರಾಂ ಇಟ್ಟು ಇದೇ ಆಟ ಆಡ್ದಾಗ ಮಾತ್ರ ಹದಿನೇಳು ಸರಿ ಹೇಳ್ದೆ, ಅದಕ್ಕೆ ಮುಂಚೆ ಹತ್ತು ದಿನ ಕಾಫಿ ಬಿಡಬೇಕಾಯ್ತು, ಮಾರನೇ ದಿನದಿಂದಲೇ ತಲೆನೋವು, ಮೂರನೇ ದಿನ ತಂಗಿ ನನ್ನ ಜೊತೆ ಮಾತೇ ಬಿಟ್ಟಿದ್ಲು. ದಿನಾ ಬೆಳಗ್ಗೆ ಕಾಫಿ ಕೊಡೋ ‘ಚುರುಕು’ ಎಷ್ಟೋ ಸಲ ಆ ತಲೆನೋವನ್ನ ಮುಂದೂಡಿದ್ದರ ಸುಖ ಅಷ್ಟೇ ಅಂತ ಆಗ ಅರ್ಥ ಆಯ್ತು.

ಕೊನೆಗೆ ನೋಟ್‌ಬುಕ್ಕನ್ನ ಸಾಲಾಗಿ ನೋಡ್ದಾಗ ಮಾತ್ರೆ ಕಾಲಮ್ಮಿಗಿಂತ ನಿದ್ದೆ ಕಾಲಮ್ಮು ಜೋರಾಗಿ ಮಾತಾಡ್ತು. ಏಳು ಗಂಟೆ ದಾಟಿ ಮಲಗಿದ ಮಾರನೇ ದಿನ ಹದಿನೈದರಲ್ಲಿ ಎರಡು ಮೂರು ತಪ್ಪು ಬಿಟ್ಟಿದ್ರೆ, ಐದೂವರೆ ಗಂಟೆ ಮಲಗಿದ ದಿನ ಐದಾರು. ಕೆಫೀನ್ ಇದ್ದ ದಿನಕ್ಕೂ ಇಲ್ಲದ ದಿನಕ್ಕೂ ಒಂದು ತಪ್ಪಿನ ವ್ಯತ್ಯಾಸವೂ ಇಲ್ಲ. ಇದು ಒಬ್ಬನ ಲೆಕ್ಕ, ವಿಜ್ಞಾನ ಅಂತ ಕರೆಯೋ ಹಂಗಿಲ್ಲ, ಆದ್ರೆ ಆ ಒಬ್ಬ ನಾನೇ ಆದ್ರಿಂದ ನಂಗೆ ಸಾಕು.

ಬ್ರಾಹ್ಮಿ ಬಗ್ಗೆ ನಿಮ್ಮ ಪುಟದಲ್ಲಿ ಒಂದು ದೊಡ್ಡ ಗೊಂದಲ ಇತ್ತು, ಅದನ್ನ ತಿದ್ದಲೇಬೇಕು. ಬರೆದಿದ್ದು ಬಕೋಪ ಬಗ್ಗೆ, ಹಾಕಿದ ಫೋಟೋ ಒಂದೆಲಗದ್ದು. ಕನ್ನಡದಲ್ಲಿ ಎರಡಕ್ಕೂ ಬ್ರಾಹ್ಮಿ ಅಂತಾರೆ, ಅದಕ್ಕೇ ಈ ಎಡವಟ್ಟು. ಒಂದೆಲಗದ ಎಲೆ ದುಂಡಗೆ, ತೊಟ್ಟಿನ ತುದೀಲಿ ಛತ್ರಿ ಥರ ಒಂದೇ ಎಲೆ, ಬೊಟಾನಿ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಬಕೋಪ ಮೊನ್ನಿಯೆರಿ, ಅಂದ್ರೆ ನೀರು ಬ್ರಾಹ್ಮಿ, ಅದರ ಎಲೆ ಚಿಕ್ಕದು, ಉದ್ದುದ್ದ, ಸ್ವಲ್ಪ ದಪ್ಪ, ಕಾಂಡದ ಉದ್ದಕ್ಕೂ ಎದುರುಬದುರು ಜೋಡಿ. ಪೂರ್ತಿ ಬೇರೆ ಬೇರೆ ಕುಟುಂಬದ ಗಿಡಗಳು. ನೆನಪಿನ ಮೇಲೆ ನಡೆದ ಪ್ರಯೋಗಗಳಲ್ಲಿ ಹೆಚ್ಚಿನವು ಬಕೋಪ ಸಾರದ ಮೇಲೆ, ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ, ಅದೂ ಹನ್ನೆರಡು ವಾರ. ಹನ್ನೆರಡು ದಿನ ಅಲ್ಲ. ಹದಿನೈದು ದಿನ ತಗೊಂಡು ‘ಏನೂ ಆಗ್ಲಿಲ್ಲ’ ಅಂತ ಬಿಡೋರೂ, ಎರಡನೇ ದಿನವೇ ‘ಸಖತ್ ಆಗಿದೆ’ ಅನ್ನೋರೂ ಇಬ್ರೂ ದಾರಿ ತಪ್ಪಿದಾರೆ. ಖಾಲಿ ಹೊಟ್ಟೆಲಿ ತಗೊಂಡ್ರೆ ವಾಕರಿಕೆ, ಹೊಟ್ಟೆ ನುಲಿತ, ಭೇದಿ ಆಗೋದು ಗೊತ್ತಿರೋ ವಿಷಯಾನೇ, ಊಟದ ಜೊತೆ ತಗೋಬೇಕು. ನನ್ನ ಆ ನಾಲ್ಕನೇ ದಿನದ ಹೊಟ್ಟೆಗೆ ಕಾರಣ ಇದೇ ಅಂತ ಆಮೇಲೆ ಒಂದೇ ತಗೊಂಡು ನೋಡ್ದಾಗ ಖಚಿತ ಆಯ್ತು.

ಉಳಿದವನ್ನ ಬೇಗ ಹೇಳಿ ಮುಗಿಸ್ತೀನಿ. ಗಿಂಕೋ ಮೇಲೆ ಅಮೆರಿಕದಲ್ಲಿ 75 ದಾಟಿದ 3,069 ಜನರ ಮೇಲೆ ದೊಡ್ಡ ಪ್ರಯೋಗ ನಡೀತು, ದಿನಕ್ಕೆರಡು ಸಲ 120 ಮಿಲಿಗ್ರಾಂ, ಡಿಮೆನ್ಶಿಯಾ ಅಂದ್ರೆ ಮರೆವಿನ ಕಾಯಿಲೆ ತಡೆಯೋದ್ರಲ್ಲಿ ಡಮ್ಮಿ ಮಾತ್ರೆಗೂ ಅದಕ್ಕೂ ವ್ಯತ್ಯಾಸ ಇಲ್ಲ ಅಂತ 2008ರಲ್ಲಿ ಬಂತು, ಮರುವರ್ಷ ನೆನಪಿನ ಶಕ್ತಿ ಕುಗ್ಗೋದನ್ನೂ ತಡೆಯಲ್ಲ ಅಂತ ಬಂತು. ವಾರ್ಫರಿನ್ ಥರ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ರಕ್ತಸ್ರಾವದ ಭಯ ಬೇರೆ. ಲಯನ್ಸ್ ಮೇನ್‌ಗೆ ಎಲ್ರೂ ತೋರಿಸೋದು 2009ರ ಜಪಾನಿನ ಪ್ರಯೋಗ, ಅದರಲ್ಲಿ ಇದ್ದಿದ್ದು 30 ಜನ, ಮೊದಲೇ ಸ್ವಲ್ಪ ಮರೆವು ಶುರುವಾಗಿದ್ದ ವಯಸ್ಸಾದೋರು, ನಿಲ್ಲಿಸಿದ ಮೇಲೆ ಬಂದ ಲಾಭ ಇಳಿದೂ ಹೋಯ್ತು. ಅಶ್ವಗಂಧದಿಂದ ಲಿವರ್‌ಗೆ ಪೆಟ್ಟಾದ ಕೇಸುಗಳು ದಾಖಲಾಗಿವೆ, ಥೈರಾಯ್ಡ್ ಇರೋರು ಕೇಳದೆ ಮುಟ್ಟಬಾರ್ದು. ಕ್ರಿಯಾಟಿನ್ ಅಂದ್ರೆ ಜಿಮ್ ಹುಡುಗರ ಪುಡಿ ಅಂತ ಮೂಗು ಮುರೀಬೇಡಿ, 2003ರಲ್ಲಿ ಸಸ್ಯಾಹಾರಿಗಳಿಗೆ ದಿನಕ್ಕೆ 5 ಗ್ರಾಂನಂತೆ ಆರು ವಾರ ಕೊಟ್ಟಾಗ ತಕ್ಷಣದ ನೆನಪಿನ ಪರೀಕ್ಷೆಲಿ ಚೆನ್ನಾಗಿ ಮಾಡಿದ್ರು, ಆದ್ರೆ ಆಮೇಲಿನ ಪ್ರಯೋಗಗಳೆಲ್ಲ ಒಂದೇ ರಾಗ ಹಾಡಿಲ್ಲ. ಇದನ್ನ ತಗೊಳ್ಳೋವಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆಲಿ ನೋಡೋ ಅಂಶ) ಸ್ವಲ್ಪ ಏರಿ ಕಿಡ್ನಿ ಕೆಟ್ಟಂಗೆ ಕಾಣಬಹುದು, ಡಾಕ್ಟರ್‌ಗೆ ಮೊದಲೇ ಹೇಳಿಡಿ, ಕಿಡ್ನಿ ತೊಂದ್ರೆ ನಿಜವಾಗ್ಲೂ ಇರೋರು ಸುದ್ದಿಗೇ ಹೋಗ್ಬೇಡಿ.

ನೂಟ್ರಾಪಿಕ್ ಅನ್ನೋ ಹೆಸರಿನ ಕಥೆ ಕೇಳಿದ್ರೆ ನಗು ಬರುತ್ತೆ. ರೊಮೇನಿಯಾ ಮೂಲದ ವಿಜ್ಞಾನಿ ಕಾರ್ನೆಲಿಯು ಜುರ್ಜಿಯಾ 1964ರಲ್ಲಿ ಪಿರಾಸಿಟಮ್ ಅನ್ನೋ ಔಷಧಿ ತಯಾರಿಸಿ, 1972ರಲ್ಲಿ ಗ್ರೀಕ್ ಪದಗಳನ್ನ ಜೋಡಿಸಿ ಈ ಹೆಸರಿಟ್ಟ. ಅವನ ಷರತ್ತು ಕಟ್ಟುನಿಟ್ಟು, ಕಲಿಕೆ ನೆನಪು ಹೆಚ್ಚಬೇಕು, ಮೆದುಳಿಗೆ ರಕ್ಷಣೆ ಸಿಗಬೇಕು, ಅಡ್ಡಪರಿಣಾಮ ಅತಿ ಕಮ್ಮಿ ಇರಬೇಕು, ಉತ್ತೇಜಕದ ಥರ ಕುಣಿಸಬಾರ್ದು. ಆ ಲೆಕ್ಕದಲ್ಲಿ ಕೆಫೀನ್ ಪಾಸಾಗಲ್ಲ, ನಿಮ್ಮ ಪುಟದಲ್ಲಿದ್ದ ಮಾಡಾಫಿನಿಲ್ ಅಂತೂ ಬಾಗಿಲಿಂದಲೇ ವಾಪಸ್. ಅದು ಸಪ್ಲಿಮೆಂಟೇ ಅಲ್ಲ ಸ್ವಾಮಿ, ನಾರ್ಕೊಲೆಪ್ಸಿ ಅನ್ನೋ ನಿದ್ದೆ ಕಾಯಿಲೆಗೆ ಡಾಕ್ಟರ್ ಚೀಟಿ ಮೇಲೆ ಕೊಡೋ ಔಷಧಿ. ಅಪರೂಪಕ್ಕೆ ಜೀವಕ್ಕೇ ಅಪಾಯ ಆಗೋ ಚರ್ಮದ ಅಲರ್ಜಿ ಬರುತ್ತೆ, ಗರ್ಭನಿರೋಧಕ ಮಾತ್ರೆಯ ಶಕ್ತೀನೂ ಕುಗ್ಗಿಸುತ್ತೆ, ನಿಲ್ಲಿಸಿದ ಮೇಲೂ ಒಂದು ತಿಂಗಳವರೆಗೆ. ಇದನ್ನ ಬ್ರಾಹ್ಮಿ ಪಕ್ಕ ಅದೇ ಸೈಜಿನ ಫೋಟೋ ಹಾಕಿ ಕೂರಿಸಿದ್ದು ನಂಗೆ ಸರಿ ಕಾಣ್ಲಿಲ್ಲ. ಖಿನ್ನತೆಗೆ ಮಾತ್ರೆ ತಗೊಳ್ಳೋರು 5-ಎಚ್‌ಟಿಪಿ, ಸೇಂಟ್ ಜಾನ್ಸ್ ವರ್ಟ್ ಗಿಡದ ಸಾರ, ಇಂಥ ಮನಸ್ಸು ಹಗುರ ಮಾಡುತ್ತೆ ಅಂತ ಮಾರೋವನ್ನ ಅದರ ಜೊತೆ ಸೇರಿಸಿದ್ರೆ ಸಿರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ವಿಪರೀತ ಆಗಿ ಆಸ್ಪತ್ರೆ ಸೇರೋ ಪರಿಸ್ಥಿತಿ ಬರಬಹುದು, ‘ಮೂಡ್ ಮತ್ತು ಫೋಕಸ್’ ಅಂತ ಬರೆದಿರೋ ಡಬ್ಬಿಗಳಲ್ಲಿ ಇವು ಸದ್ದಿಲ್ದೆ ಕೂತಿರ್ತಾವೆ.

ಡಬ್ಬಿ ಅಂದಾಗ ನೆನಪಾಯ್ತು, ಲೇಬಲ್ ಓದೋದು. ‘ಪ್ರೊಪ್ರೈಟರಿ ಬ್ಲೆಂಡ್’ ಅಂತ ಬರೆದು ಹನ್ನೆರಡು ಹೆಸರು ಸೇರಿ ಒಟ್ಟು 800 ಮಿಲಿಗ್ರಾಂ ಅಂತ ಹಾಕಿದ್ರೆ, ಅದರಲ್ಲಿ ಯಾವುದು ಎಷ್ಟು ಅಂತ ತಿಳಿಯೋ ದಾರೀನೇ ಇಲ್ಲ, 300 ಮಿಲಿಗ್ರಾಂ ಬೇಕಾದ ಬಕೋಪ ಮೂರು ಮಿಲಿಗ್ರಾಂ ಇದ್ದು ಉಳಿದಿದ್ದೆಲ್ಲ ಅಗ್ಗದ ಪುಡಿ ಆಗಿರಬಹುದು. ಅಂಥದ್ದನ್ನ ವಾಪಸ್ ಇಡಿ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರೋಕೆ ಮುಂಚೆ ಅದು ಕೆಲಸ ಮಾಡುತ್ತೆ ಅಂತ ಸರ್ಕಾರಕ್ಕೆ ಸಾಬೀತು ಮಾಡೋ ಅಗತ್ಯ ಇಲ್ಲ, 2020ರಲ್ಲಿ ಅಲ್ಲಿನ ಸಂಶೋಧಕರು ನೆನಪಿನ ಶಕ್ತಿ ಹೆಸರಲ್ಲಿ ಮಾರೋ ಡಬ್ಬಿಗಳನ್ನ ಪರೀಕ್ಷೆ ಮಾಡ್ದಾಗ ಅಲ್ಲಿ ಅನುಮತಿ ಇಲ್ಲದ ಐದು ಔಷಧಿಗಳು ಸಿಕ್ಕಿದ್ವು, ಲೇಬಲ್ ಮೇಲಿನ ಪ್ರಮಾಣಕ್ಕೂ ಒಳಗಿದ್ದಿದ್ದಕ್ಕೂ ಎಷ್ಟೋ ಕಡೆ ತಾಳೆ ಇರ್ಲಿಲ್ಲ. ಒಂದೇ ಅಂಶ, ಮಿಲಿಗ್ರಾಂ ಬರೆದಿರಬೇಕು, ಹೊರಗಿನ ಲ್ಯಾಬಿನಲ್ಲಿ ಪರೀಕ್ಷೆ ಆಗಿರಬೇಕು, ಇಷ್ಟು ಇಲ್ಲದಿದ್ರೆ ನಿಮ್ಮ ನೋಟ್‌ಬುಕ್ಕಿನ ಲೆಕ್ಕಕ್ಕೂ ಅರ್ಥ ಇರಲ್ಲ, ನೀವು ಏನನ್ನ ಪರೀಕ್ಷೆ ಮಾಡ್ತಿದೀರಿ ಅನ್ನೋದೇ ಗೊತ್ತಿರಲ್ವಲ್ಲ.

ನನ್ನ ಕೋರಿಕೆ ಇಷ್ಟೇ, ಮುಂದಿನ ಸಲ ಇಂಥ ಪುಟ ಮಾಡೋವಾಗ ಹತ್ತು ಹೆಸರಿನ ಬದಲು ಮೂರೇ ಹಾಕಿ, ಆದ್ರೆ ಒಂದೊಂದಕ್ಕೂ ಎಷ್ಟು ಮಿಲಿಗ್ರಾಂ, ಎಷ್ಟು ವಾರ, ಯಾರು ತಗೋಬಾರ್ದು ಅಂತ ಬರೀರಿ, ಫೋಟೋ ಚಿಕ್ಕದಾದ್ರೂ ಪರವಾಗಿಲ್ಲ. ನಾನೀಗ ತಗೊಳ್ಳೋದು ಡಾಕ್ಟರ್ ಹೇಳಿದ ಬಿ12, ಬೆಳಗ್ಗೆ ಒಂದು ಕಾಫಿ, ಹನ್ನೊಂದಕ್ಕೆ ಇನ್ನೊಂದು, ಆಮೇಲೆ ಇಲ್ಲ. ಕ್ರಿಯಾಟಿನ್ ಪರೀಕ್ಷೆ ನಾಲ್ಕನೇ ವಾರದಲ್ಲಿದೆ, ಲಕೋಟೆ ಇನ್ನೂ ತಂಗಿ ಹತ್ರಾನೇ ಇದೆ.

ಅಂದಹಾಗೆ ನಿಮ್ಮ ಆ ಪುಟದ ಎರಡನೇ ಕಾಲಮ್ಮಿನ ಮೂರನೇ ಪ್ಯಾರಾದಲ್ಲಿ ‘ಏಕಾಗ್ರತೆ’ ಅನ್ನೋದು ‘ಏಕಾಗತೆ’ ಆಗಿದೆ, ರ ಒತ್ತು ಬಿಟ್ಟುಹೋಗಿದೆ. ಹಿಂದಿನ ರಾತ್ರಿ ಏಳೂಕಾಲು ಗಂಟೆ ಮಲಗಿದ್ದೆ.

ಇಂತಿ,
ಒಬ್ಬ ಕರಡು ತಿದ್ದುವವ